ಆ ತಲೆಯ ಬಲಗಡೆ

ಕಂಪ್ಯೂಟರಿನ ಪರದೆಯ ಮೇಲೆ ಕೆಂಪು ಅಕ್ಷರ ಕಂಡರೆ ಇವತ್ತಿಗೂ ನನ್ನ ಎದೆ ಝಲ್ಲೆನ್ನುತ್ತದೆ. ಬ್ಯಾಂಕಿನ ಪಾಸ್‌ವರ್ಡ್ ತಪ್ಪಾಗಿದೆ ಎಂದು ಹೇಳುವ ಬಡಪಾಯಿ ಕೆಂಪಾದರೂ ಸರಿ, ಒಂದು ಕ್ಷಣ ಕೈ ತಣ್ಣಗಾಗುತ್ತದೆ. ಮನೆಯವರು ನಗುತ್ತಾರೆ. ನಗಲಿ. ಎರಡು ಸಾವಿರದ ಇಸವಿಯ ಆಚೀಚಿನ ಆ ವರ್ಷಗಳಲ್ಲಿ, ದೆಹಲಿಯ ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಕೂತು ಆ ಸಾಫ್ಟ್‌ವೇರಿನ ಜೊತೆ ಸಂಸಾರ ಮಾಡಿದವಳು ನಾನು, ಅವರಲ್ಲ.

ತುಮಕೂರಿನಲ್ಲಿ ಎಂಬಿಬಿಎಸ್ ಮುಗಿಸಿ, ಕ್ಲಿನಿಕ್ ಬೇಡ, ಸಂಶೋಧನೆಯೇ ಬೇಕು ಎಂದು ಹಟ ಹಿಡಿದು ಬಂದಿದ್ದೆ. ಮುನಿರ್ಕಾದಲ್ಲಿ ಒಂದು ಬಾಡಿಗೆ ಕೋಣೆ. ಕಿಟಕಿ ತೆರೆದರೆ ಎದುರು ಮನೆಯ ಕೂಲರಿನ ಬೆನ್ನು ಕಾಣುತ್ತಿತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ನನ್ನ ಕೆಲಸ ಮಿದುಳಿನಲ್ಲಿ ಮಾತು ಎಲ್ಲಿದೆ ಎಂದು ಹುಡುಕುವುದು. ರೋಗಿಯನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ ಕಿವಿಗೆ ಪದಗಳನ್ನು ಕೇಳಿಸುತ್ತಿದ್ದೆವು. ‘ಪೊರಕೆ’ ಎಂದರೆ ಅವರು ಮನಸ್ಸಿನಲ್ಲೇ ‘ಗುಡಿಸುವುದು’ ಎಂದುಕೊಳ್ಳಬೇಕು, ‘ಚಾಕು’ ಎಂದರೆ ‘ಹೆಚ್ಚುವುದು’. ಹಾಗೆ ಮಾತು ಹುಡುಕುವಾಗ ಮಿದುಳಿನ ಯಾವ ಭಾಗಕ್ಕೆ ರಕ್ತ ಹೆಚ್ಚು ಹರಿಯಿತು ಎಂಬುದನ್ನು ಯಂತ್ರ ಹಿಡಿಯುತ್ತದೆ. ಆ ಚಿತ್ರಗಳನ್ನೆಲ್ಲ ಸಾಫ್ಟ್‌ವೇರಿಗೆ ಉಣಿಸಿದರೆ, ಎಲ್ಲಾ ಸರಿಹೋದರೆ, ಬೂದು ಬಣ್ಣದ ಮಿದುಳಿನ ಮೇಲೆ ಮಾತಿರುವ ಕಡೆ ಒಂದು ಹಳದಿ ಮಚ್ಚೆ ಮೂಡುತ್ತಿತ್ತು. ಮಿದುಳಿನ ಆಪರೇಷನ್ ಮಾಡುವ ಸರ್ಜನ್ ಆ ಮಚ್ಚೆಯನ್ನು ನೋಡಿ ಎಲ್ಲಿ ಕತ್ತರಿಸಬಾರದು ಎಂದು ತೀರ್ಮಾನಿಸುತ್ತಿದ್ದರು.

‘ಎಲ್ಲಾ ಸರಿಹೋದರೆ’ ಎಂದು ಎಷ್ಟು ಸುಲಭವಾಗಿ ಬರೆದುಬಿಟ್ಟೆ! ಆ ಸಾಫ್ಟ್‌ವೇರ್ ಇನ್ನೊಂದು ಸಾಫ್ಟ್‌ವೇರಿನ ಹೆಗಲ ಮೇಲೆ ಕೂತು ನಡೆಯುತ್ತಿತ್ತು. ಕೆಳಗಿನದಕ್ಕೆ ಹೊಸ ಆವೃತ್ತಿ ಬಂದರೆ ಮೇಲಿನದು ಮುಷ್ಕರ ಹೂಡುತ್ತಿತ್ತು. ಒಂದು ಚುಕ್ಕೆ ಹೆಚ್ಚು ಬಿದ್ದರೆ ಪರದೆ ತುಂಬ ಕೆಂಪು ಸಾಲುಗಳು, ಅವುಗಳಲ್ಲಿ ಒಂದೂ ಅರ್ಥವಾಗದು. ಏನು ಬೇಕೆಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಬೇಡದ್ದು ಮಾಡಿದರೆ ಮಾತ್ರ ಕಿರುಚುತ್ತಿತ್ತು. ನನಗೆ ನನ್ನ ಸೋದರತ್ತೆ ನೆನಪಾಗುತ್ತಿದ್ದರು. ಬೇಸಿಗೆಯಲ್ಲಿ ಕರೆಂಟು ಹೋದರೆ ಯುಪಿಎಸ್ ಕೊಯ್ಯೆಂದು ಅಳಲು ಶುರುಮಾಡುತ್ತಿತ್ತು, ಅದರ ಉಸಿರು ನಿಲ್ಲುವುದರೊಳಗೆ ಬೆಳಗಿನಿಂದ ಮಾಡಿದ್ದನ್ನು ಉಳಿಸಿಕೊಳ್ಳಬೇಕು. ಉಳಿಸಿಕೊಳ್ಳುವ ಹೊತ್ತಿಗೆ ಮತ್ತೆ ಕೆಂಪು. ಪಕ್ಕದ ಟೇಬಲಿನವರಿಗೆ ಕಾಣದ ಹಾಗೆ ಎಷ್ಟು ಸಲ ಅತ್ತಿದ್ದೇನೋ.

ಆದರೂ ಕಿರುಚುವ ಸಾಫ್ಟ್‌ವೇರನ್ನು ಹೇಗೋ ಸಂಭಾಳಿಸಬಹುದು. ತಪ್ಪಾದಾಗಲೂ ಸುಮ್ಮನಿರುತ್ತದಲ್ಲ, ಆಗ ಜೀವ ಬಾಯಿಗೆ ಬರುತ್ತದೆ. ಇಲ್ಲಿ ಎಡ-ಬಲದ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಡಾಕ್ಟರುಗಳಿಗೆ ರೋಗಿಯನ್ನು ಎದುರಿನಿಂದ ನೋಡಿ ಅಭ್ಯಾಸ. ಎದುರು ನಿಂತವರ ಬಲಗೈ ನಮ್ಮ ಎಡಕ್ಕೆ ಬರುತ್ತದೆ, ಹಾಗೆಯೇ ಎಕ್ಸ್‌ರೇಯಲ್ಲಿ ರೋಗಿಯ ಬಲ ನಮ್ಮ ಎಡಕ್ಕೆ ಇರುತ್ತದೆ. ಸಂಶೋಧಕರಲ್ಲಿ ಹಲವರು ರೋಗಿಯ ಬೆನ್ನ ಹಿಂದೆ ನಿಂತವರಂತೆ ನೋಡುತ್ತಾರೆ, ಅವರಿಗೆ ಬಲ ಬಲಕ್ಕೇ. ಯಂತ್ರದ್ದು ಒಂದು ಪದ್ಧತಿ, ಸಾಫ್ಟ್‌ವೇರಿನದು ಇನ್ನೊಂದು. ನಡುವೆ ಒಂದರ ಫೈಲನ್ನು ಇನ್ನೊಂದಕ್ಕೆ ಹೊಂದುವಂತೆ ಬದಲಾಯಿಸುವ ಒಂದು ಪುಟ್ಟ ಪ್ರೋಗ್ರಾಂ. ಆ ಕಾಲದ ಫೈಲಿನೊಳಗೆ ಯಾವ ಕಡೆ ಯಾವುದು ಎಂದು ನಂಬುವ ಹಾಗೆ ಬರೆದಿಡುವ ವ್ಯವಸ್ಥೆಯೇ ಇರಲಿಲ್ಲ. ಮಿದುಳಿನ ಎರಡು ಅರ್ಧಗಳೂ ನೋಡಲು ಹೆಚ್ಚುಕಡಿಮೆ ಒಂದೇ ಥರ. ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿಬಿದ್ದರೂ ಸಾಫ್ಟ್‌ವೇರ್ ಚಕಾರ ಎತ್ತುತ್ತಿರಲಿಲ್ಲ, ಅದರ ಪಾಡಿಗೆ ಅದು ಲೆಕ್ಕ ಮುಗಿಸಿ ಚೆಂದದ ಮಚ್ಚೆಯೊಂದನ್ನು ಬಿಡಿಸಿ ಕೊಡುತ್ತಿತ್ತು.

ನಮ್ಮ ಲ್ಯಾಬಿನ ಆ ಪುಟ್ಟ ಪ್ರೋಗ್ರಾಮನ್ನು ಬರೆದಿಟ್ಟವರು ವಿದೇಶಕ್ಕೆ ಹೋದ ಒಬ್ಬ ಸೀನಿಯರ್. ಅದರಲ್ಲಿ ಒಂದು ಸಾಲು, ಸಾಲಿನ ಕೊನೆಗೆ ‘1’ ಎಂಬ ಅಂಕಿ, ಪಕ್ಕದಲ್ಲಿ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ‘ಇದನ್ನು ಮುಟ್ಟಬೇಡಿ’. ಯಾಕೆ ಮುಟ್ಟಬಾರದು ಎಂದು ಬರೆದಿರಲಿಲ್ಲ. ಚಿತ್ರವನ್ನು ಎಡಬಲ ತಿರುಗಿಸುವ ಸಾಲು ಅದು. ನಾನೂ ಮುಟ್ಟಿರಲಿಲ್ಲ.

ಹೀಗಿರುವಾಗ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಿಂದ ಅವರು ಬಂದರು. ನಲವತ್ತು ದಾಟಿದ ಹೆಂಗಸು, ಮೈಸೂರಿನ ಕಡೆಯವರು. ಗಂಡ ಯಾವುದೋ ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್, ಒಬ್ಬಳು ಮಗಳು. ಅವರಿಗೆ ಆಗಾಗ ಫಿಟ್ಸ್ ಬರುತ್ತಿತ್ತು. ಬೀಳುತ್ತಿರಲಿಲ್ಲ, ಇದ್ದಕ್ಕಿದ್ದಂತೆ ದಿಟ್ಟಿಸುತ್ತ ನಿಂತು ತುಟಿ ಚಪ್ಪರಿಸುತ್ತಿದ್ದರು, ಕೈಯಲ್ಲಿದ್ದುದು ಕೆಳಗೆ ಬೀಳುತ್ತಿತ್ತು. ಸ್ಕ್ಯಾನ್ ಮಾಡಿದಾಗ ಬಲಗಿವಿಯ ಮೇಲ್ಭಾಗದಲ್ಲಿ, ಮಿದುಳಿನೊಳಗೆ, ನೆಲ್ಲಿಕಾಯಿ ಗಾತ್ರದ ಗಡ್ಡೆ. ಗಡ್ಡೆಯನ್ನು ಅದರ ಸುತ್ತಲಿನ ಭಾಗದ ಸಮೇತ ತೆಗೆದರೆ ಫಿಟ್ಸ್ ನಿಲ್ಲುವ ಸಂಭವ ಹೆಚ್ಚು. ಆದರೆ ಆ ಸುತ್ತಲಿನ ಭಾಗದಲ್ಲಿ ಮಾತು ಇರಬಾರದು. ಇಲಾಖೆಯಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ ಆದ್ದರಿಂದ ಅವರು ನನ್ನ ಪಾಲಿಗೆ ಬಂದರು.

ಒಪಿಡಿಯಲ್ಲಿ ಜೂನಿಯರ್ ಡಾಕ್ಟರ್ ಕೇಳುವ ಪ್ರಶ್ನೆಗಳಲ್ಲಿ ಬಲಗೈಯವರೋ ಎಡಗೈಯವರೋ ಎಂಬುದೂ ಒಂದು. ಬಲಗೈಯವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಮಾತು ಮಿದುಳಿನ ಎಡಭಾಗದಲ್ಲಿರುತ್ತದೆ. ಎಡಗೈಯವರಲ್ಲೂ ಹೆಚ್ಚಿನವರದು ಹಾಗೇ, ಆದರೆ ಕೆಲವರಿಗೆ ಬಲಭಾಗದಲ್ಲಿರುತ್ತದೆ. ಈ ಪ್ರಶ್ನೆಗೆ ಅವರು ಬಾಯಿ ತೆರೆಯುವ ಮೊದಲೇ ಗಂಡ “ರೈಟ್, ಸರ್, ರೈಟ್” ಎಂದು ಉತ್ತರ ಕೊಟ್ಟಾಗಿತ್ತು.

ಹಾಗೆ ನೋಡಿದರೆ ಅವರ ಬದಲು ಬೇರೆಯವರು ಮಾತಾಡುವ ಅಗತ್ಯವೇ ಇರಲಿಲ್ಲ. ಮಾತಿನ ಮಲ್ಲಿ. ಯಂತ್ರದ ಕೋಣೆಯ ಹೊರಗೆ ಬಳೆ, ಓಲೆ, ತಾಳಿ ಎಲ್ಲ ಬಿಚ್ಚಿ ಗಂಡನ ಕರ್ಚೀಫಿಗೆ ಹಾಕುತ್ತಲೇ ನನ್ನ ಊರು, ಅಪ್ಪ ಅಮ್ಮ, ಮುನಿರ್ಕಾದಲ್ಲಿ ನಾನು ಸಾರಿಗೆ ಯಾವ ಬೇಳೆ ಹಾಕುತ್ತೇನೆ ಎಂಬುದನ್ನೆಲ್ಲ ವಿಚಾರಿಸಿಕೊಂಡರು.

“ಒಳಗೆ ಬಾಯಿ ತೆಗೀಬಾರದಂತೆ. ಅಷ್ಟೊತ್ತು ನಾನು ಸುಮ್ಮನಿರೋದನ್ನ ಇವರು ಬಂದು ನೋಡ್ಬೇಕು, ಜನ್ಮದಲ್ಲಿ ಮತ್ತೆ ಸಿಗಲ್ಲ” ಎಂದು ಗಂಡನ ಕಡೆ ನೋಡಿ ನಕ್ಕರು. ಆಮೇಲೆ ನನ್ನ ಕೈ ಹಿಡಿದು ದನಿ ತಗ್ಗಿಸಿದರು. “ಡಾಕ್ಟ್ರೇ, ಈ ಊರಲ್ಲಿ ನಂದು ಅಂತ ಇರೋದು ಮಾತೊಂದೇ. ಅದಕ್ಕೇನೂ ಆಗಲ್ಲ ತಾನೆ?”

“ಏನೂ ಆಗಲ್ಲ ಆಂಟಿ” ಎಂದೆ. ಹಾಗೆ ಹೇಳಲು ನನಗೇನು ಅಧಿಕಾರವಿತ್ತೋ ದೇವರೇ ಬಲ್ಲ.

ಕೆಲವು ದಿನಗಳ ನಂತರ, ಕೆಂಪು ಅಕ್ಷರಗಳನ್ನೆಲ್ಲ ದಾಟಿ, ಅವರ ಮಚ್ಚೆ ನನ್ನ ಪರದೆಯ ಮೇಲೆ ಮೂಡಿತು. ಬಲಗಡೆ. ಗಡ್ಡೆಗೆ ಅಂಟಿಕೊಂಡಂತೆ. ನಾನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತೆ, ಮತ್ತೆ ಕೂತು ನೋಡಿದೆ. ಅದು ಅಲ್ಲೇ ಇತ್ತು.

ನನ್ನ ಗೈಡ್ ಬಂದು ಹಿಂದೆ ನಿಂತರು. ಗಡಿಬಿಡಿಯ ಮನುಷ್ಯ, ಆದರೆ ಕೆಟ್ಟವರಲ್ಲ.

“ಬಲಗೈಯವರು ತಾನೆ?”

“ಹೌದು ಸರ್.”

“ಹಾಗಾದರೆ ಮಾತು ಎಡಗಡೆ ಇರಬೇಕು. ಫ್ಲಿಪ್ ಹೋ ಗಯಾ ಹೈ. ತಿರುಗಿಸಿ ಸರಿಮಾಡಿ ಸರ್ಜನ್‌ಗೆ ಕಳಿಸು.”

“ಹಿಂದಿನ ರೋಗಿಗಳಿಗೆಲ್ಲ ಇದೇ ಪ್ರೋಗ್ರಾಂ ಸರಿಯಾಗಿತ್ತು ಸರ್.”

“ಅಚ್ಛಾ? ಆಗ ಯಂತ್ರದ ಸಾಫ್ಟ್‌ವೇರ್ ಬೇರೆ ಇತ್ತು” ಎಂದರು. ಅವರ ಮಾತಿನಲ್ಲಿ ಹುರುಳಿತ್ತು. ಯಂತ್ರದ ಕಂಪನಿಯವರು ಆಗಷ್ಟೇ ಬಂದು ಅದರೊಳಗಿನ ಸಾಫ್ಟ್‌ವೇರನ್ನು ಹೊಸದು ಮಾಡಿ ಹೋಗಿದ್ದರು. ಅದಾದ ಮೇಲೆ ನಾವು ಮಾಡಿದ ಮೊದಲ ಮಾತಿನ ಸ್ಕ್ಯಾನ್ ಇವರದೇ. ಹೊಸದರಲ್ಲಿ ಎಡಬಲದ ಪದ್ಧತಿ ಬದಲಾಗಿದ್ದರೆ, ಸೀನಿಯರ್ ಬರೆದ ಆ ‘1’ ಚಿತ್ರವನ್ನು ನೆಟ್ಟಗೆ ಮಾಡುವ ಬದಲು ಎಡಬಲ ಅದಲುಬದಲು ಮಾಡಿರಬಹುದು.

ತಿರುಗಿಸುವುದು ಎಷ್ಟು ಸುಲಭವಾಗಿತ್ತು! ‘1’ ಅಳಿಸಿ ‘0’ ಬರೆದೆ, ಕೀಲಿ ಒತ್ತಿದೆ. ಟೀ ಕುಡಿದು ಬರುವಷ್ಟರಲ್ಲಿ ಮಚ್ಚೆ ಎಡಗಡೆಗೆ ಹಾರಿತ್ತು. ಗಡ್ಡೆಯ ಚಿತ್ರ ಬೇರೆಯದು, ಅದು ಈ ಪ್ರೋಗ್ರಾಮಿನ ಮೂಲಕ ಹೋಗಿರಲಿಲ್ಲ: ಗಡ್ಡೆ ಬಲಗಡೆಯೇ, ಮಾತು ಎಡಗಡೆ, ಪಠ್ಯಪುಸ್ತಕದಲ್ಲಿ ಇರುವ ಹಾಗೆ. ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟುಕೊಂಡು ನೋಡಿದೆ. ಎರಡೂ ಅಷ್ಟೇ ಅಂದವಾಗಿದ್ದವು, ಎರಡರಲ್ಲೂ ಕೆಂಪು ಅಕ್ಷರವಿಲ್ಲ. ಒಂದು ಸುಳ್ಳು. ಸರ್ಜನ್ ಯಾವುದನ್ನು ನಂಬುತ್ತಾರೋ ಅದರಂತೆ ಅವರ ಕತ್ತಿ ನಡೆಯುತ್ತದೆ. ಎರಡನೆಯದು ಸುಳ್ಳಾಗಿದ್ದು ಅದನ್ನೇ ನಾನು ಕಳಿಸಿದರೆ, ಅವರು ಗಡ್ಡೆಯ ಸುತ್ತ ಧಾರಾಳವಾಗಿ ತೆಗೆಯುತ್ತಾರೆ, ತೆಗೆದದ್ದರಲ್ಲಿ ಆ ಹೆಂಗಸಿನ ಮಾತು ಹೋಗಿರುತ್ತದೆ.

ಮೂಲ ಚಿತ್ರ ನೋಡಿ ತಾಳೆ ಹಾಕೋಣವೆಂದು ಯಂತ್ರದ ಕೋಣೆಗೆ ಓಡಿದೆ. ಜಾಗ ಸಾಲದೆಂದು ಹಳೆಯದನ್ನೆಲ್ಲ ವಾರವಾರವೂ ಅಳಿಸುತ್ತಿದ್ದರು, ಇವರದೂ ಅಳಿಸಿಹೋಗಿತ್ತು. ನಮಗೆ ಕೊಟ್ಟ ಸಿಡಿಯಲ್ಲಿ ಗಡ್ಡೆ ಕಾಣುವ ಸ್ಪಷ್ಟ ಚಿತ್ರಗಳು ಮಾತ್ರ ಇದ್ದವು, ಅವುಗಳ ಎಡಬಲದ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ನಮ್ಮ ಕಂಪ್ಯೂಟರಿಗೆ ಬಂದಿದ್ದ ಮಾತಿನ ಫೈಲುಗಳಲ್ಲಿ ಎಡಬಲದ ಗುರುತಿರಲಿಲ್ಲ, ಚಿತ್ರಗಳೋ ನೆನೆಸಿದ ರವೆಯ ಹಾಗೆ ಒರಟು. ಅವುಗಳಲ್ಲಿ ಗಡ್ಡೆ ಕಂಡಿದ್ದರೆ ಅದನ್ನೇ ಗುರುತಾಗಿ ಹಿಡಿಯಬಹುದಿತ್ತು. ಎಷ್ಟು ಕಣ್ಣು ಕಿರಿದು ಮಾಡಿದರೂ ಕಾಣಲಿಲ್ಲ.

ಸೀನಿಯರ್‌ಗೆ ಬರೆದ ಇಮೇಲ್ ವಿಳಾಸ ಸರಿಯಿಲ್ಲವೆಂದು ಹಿಂದಕ್ಕೆ ಬಂತು. ಆ ಸಾಫ್ಟ್‌ವೇರ್ ಬಳಸುವವರೆಲ್ಲ ಸೇರಿ ಇಮೇಲಿನಲ್ಲಿ ಪ್ರಶ್ನೆ ಕೇಳಿಕೊಳ್ಳುವ ಒಂದು ಕೂಟವಿತ್ತು. ಅಲ್ಲಿ ನನ್ನ ಪಾಡು ತೋಡಿಕೊಂಡೆ: ನನ್ನ ಚಿತ್ರದಲ್ಲಿ ಎಡ ಎಂದರೆ ಎಡವೇ? ದೂರದ ದೇಶದ ದೊಡ್ಡವರೊಬ್ಬರು ಒಂದೇ ಸಾಲಿನ ಉತ್ತರ ಕಳಿಸಿದರು: ಅದು ನೀವು ಏನು ಮಾಡಿದ್ದೀರಿ ಎಂಬುದರ ಮೇಲೆ ನಿಂತಿದೆ. ಅವರ ತಲೆಗೊಂದು ಮೊಟಕಬೇಕು ಎನ್ನಿಸಿತು. ಏನು ಮಾಡಿದ್ದೇನೆಂದು ಗೊತ್ತಿದ್ದರೆ ಅವರನ್ನು ಯಾಕೆ ಕೇಳುತ್ತಿದ್ದೆ? ಇನ್ನೊಬ್ಬರು ಪುಣ್ಯಾತ್ಮರು ಮಾತ್ರ ವಿವರವಾಗಿ ಬರೆದಿದ್ದರು. ಮತ್ತೊಮ್ಮೆ ಸ್ಕ್ಯಾನ್ ಮಾಡಿ, ಮಾಡುವ ಮೊದಲು ತಲೆಯ ಬಲಗಡೆ ವಿಟಮಿನ್ ಇ ಮಾತ್ರೆಯೊಂದನ್ನು ಟೇಪು ಹಾಕಿ ಅಂಟಿಸಿ, ಅದರೊಳಗಿನ ಎಣ್ಣೆ ಚಿತ್ರದಲ್ಲಿ ಹೊಳೆಯುತ್ತದೆ, ಯಂತ್ರದಲ್ಲಿ ಕೊಬ್ಬಿನ ಹೊಳಪನ್ನು ಅಳಿಸುವ ಗುಂಡಿಯೊಂದಿರುತ್ತದೆ, ಅದನ್ನು ಆಫ್ ಮಾಡುವುದು ಮರೆಯಬೇಡಿ.

ಗೈಡ್ ಒಪ್ಪಲಿಲ್ಲ. ಯಂತ್ರದ ಮುಂದೆ ತಿಂಗಳುಗಟ್ಟಲೆ ಕಾಯುವವರ ಸಾಲಿರುವಾಗ, ಬಲಗೈಯ ರೋಗಿಗೆ ಮಾತು ಎಡಗಡೆ ಇದೆ ಎಂದು ತೋರಿಸಲು ಇನ್ನೊಂದು ಸ್ಕ್ಯಾನೇ? “ಕಾರಣ ಕೊಡು, ಮಾಡಿಸುತ್ತೇನೆ. ಭಯ ಕಾರಣವಲ್ಲ” ಎಂದರು. ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ರಿಪೋರ್ಟ್ ಎಲ್ಲಿ ಎಂದು ಸರ್ಜನ್ ಕಡೆಯಿಂದ ದಿನಾ ಫೋನು. ನಾನು ಸಾಫ್ಟ್‌ವೇರ್ ಕೆಟ್ಟಿದೆ, ಕರೆಂಟಿಲ್ಲ ಎಂದು ಒಂದಲ್ಲ ಒಂದು ನೆಪ ಹೇಳಿ ತಳ್ಳುತ್ತಿದ್ದೆ.

ಆ ದಿನಗಳಲ್ಲಿ ನನಗೆ ನನ್ನದೇ ಎಡಬಲ ಮರೆತುಹೋಗುತ್ತಿತ್ತು. ಆಟೋ ಭಯ್ಯಾ “ಲೆಫ್ಟ್ ಯಾ ರೈಟ್, ಮೇಡಂ?” ಎಂದರೆ ಬೆವರು ಕಿತ್ತುಕೊಳ್ಳುತ್ತಿತ್ತು. ಕನ್ನಡಿಯ ಮುಂದೆ ಬೈತಲೆ ತೆಗೆಯಲು ಹೋಗಿ ಬಾಚಣಿಗೆ ಹಿಡಿದು ಸುಮ್ಮನೆ ನಿಲ್ಲುತ್ತಿದ್ದೆ. ಆಪರೇಷನ್ ಮುಗಿದು ಆ ಹೆಂಗಸು ಕಣ್ಣು ಬಿಟ್ಟು ಮಗಳನ್ನು ನೋಡುತ್ತಿದ್ದಾರೆ, ಬಾಯಿ ತೆರೆಯುತ್ತಿದ್ದಾರೆ, ಕರೆಯಲು ಹೆಸರು ಸಿಗುತ್ತಿಲ್ಲ. ಬಸ್ಸಿನಲ್ಲಿ ಕೂತರೂ ಇದೇ ಕಣ್ಣ ಮುಂದೆ. ಊರಿಗೆ ಫೋನು ಮಾಡಿದರೆ ಅಮ್ಮ “ಯಾಕೆ ದನಿ ಹೀಗಿದೆ?” ಎನ್ನುತ್ತಿದ್ದಳು. ನೆಗಡಿ ಎನ್ನುತ್ತಿದ್ದೆ. ಎಲ್ಲ ಬಿಟ್ಟು ತುಮಕೂರಿಗೆ ಹೋಗಿ ನೆಗಡಿ ಕೆಮ್ಮಿಗೆ ಔಷಧಿ ಬರೆದುಕೊಂಡು ಇದ್ದುಬಿಡೋಣ ಎಂದು ನಿಜವಾಗಿಯೂ ಅನ್ನಿಸಿತ್ತು.

ಅಷ್ಟರಲ್ಲಿ ಅವರ ಗಂಡ ಫೋನು ಮಾಡಿದರು. “ಡಾಕ್ಟ್ರೇ, ಅವಳು ತುಂಬ ಹೆದರಿದ್ದಾಳೆ. ಭಾನುವಾರ ಮನೆಗೆ ಊಟಕ್ಕೆ ಬಂದು ಕನ್ನಡದಲ್ಲಿ ಎರಡು ಧೈರ್ಯದ ಮಾತು ಹೇಳಿ.” ಧೈರ್ಯ ಹೇಳಲು ಒಳ್ಳೆಯ ಆಳನ್ನೇ ಹುಡುಕಿದ್ದರು! ಆದರೂ ಹೋದೆ. ಹೋಗದಿರಲು ಇನ್ನೂ ಹೆದರಿಕೆಯಾಗಿತ್ತು.

ಕ್ವಾರ್ಟರ್ಸಿನ ಎರಡನೇ ಮಹಡಿ. ಹತ್ತನೇ ಕ್ಲಾಸಿನ ಮಗಳು ಬಾಗಿಲು ತೆಗೆದಳು. ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೆ. ಅವರು ಸೌತೆಕಾಯಿ ಹೆಚ್ಚುತ್ತ, ಕೆಳಗಿನ ಮನೆಯವರ ನಾಯಿಯ ಮೇಲಿನ ದೂರನ್ನು ಹೇಳುತ್ತಿದ್ದರು. ಕೋಸಂಬರಿಗೆ ಒಗ್ಗರಣೆ ಹಾಕಿ, ಒಂದು ಸಣ್ಣ ತಟ್ಟೆಗೆ ಬಡಿಸಿ “ಉಪ್ಪು ನೋಡಿ” ಎಂದು ನನ್ನ ಕಡೆ ತಿರುಗಿದರು. ತಿರುಗುವಾಗ ತಟ್ಟೆ ಒಂದು ಕೈಯಿಂದ ಇನ್ನೊಂದು ಕೈಗೆ ಹೋಯಿತು. ಆಗ ಏನೂ ಅನ್ನಿಸಲಿಲ್ಲ. ಆಮೇಲೆ ಮಜ್ಜಿಗೆ ಲೋಟ ಕೊಡುವಾಗಲೂ ಹಾಗೇ ಆಯಿತು: ಹಿಡಿದದ್ದು ಒಂದು ಕೈ, ಕೊಟ್ಟದ್ದು ಬಲಗೈ. ನಾನು ಒಲೆಯ ಕಟ್ಟೆಯನ್ನು ನೋಡಿದೆ. ಚಾಕು ಮಣೆಯ ಎಡಗಡೆಗಿತ್ತು. ಅವರು ಮತ್ತೆ ಅದನ್ನು ಎತ್ತಿಕೊಂಡದ್ದೂ ಎಡಗೈಯಲ್ಲೇ.

“ಆಂಟಿ, ನೀವು ಎಡಗೈಯವರಾ?”

ಅವರ ಮುಖ ಕೆಂಪಗಾಯಿತು. “ಛೆ ಛೆ! ಊಟ, ಬರಹ, ಅರಿಶಿನ ಕುಂಕುಮ ಕೊಡೋದು, ಎಲ್ಲಾ ಬಲಗೈಲೇ.”

“ಝೂಠ್!” ಎಂದು ಮಗಳು ಹಿಂದಿನಿಂದ ನಕ್ಕಳು. “ದೀದಿ, ಮಮ್ಮಿ ತೋ ಪೂರಿ ಲೆಫ್ಟಿ ಹೈ. ಬ್ಯಾಡ್ಮಿಂಟನ್ ಆಡುವಾಗ ನೋಡ್ಬೇಕು ನೀವು.”

“ಸುಮ್ನಿರೆ” ಎಂದು ಗದರಿದವರು, ನನ್ನ ಮುಖ ನೋಡಿ ಏನೆನ್ನಿಸಿತೋ, ಚಾಕು ಕೆಳಗಿಟ್ಟರು. ಚಿಕ್ಕವಳಿದ್ದಾಗ ಊಟಕ್ಕೆ ಕೂತರೆ ಅಜ್ಜಿ ಹಳೆಯ ಸೀರೆಯ ಅಂಚಿನಲ್ಲಿ ಎಡಗೈಯನ್ನು ಸೊಂಟಕ್ಕೆ ಕಟ್ಟುತ್ತಿದ್ದರಂತೆ. “ಎಡಚಿ ಬಡಿಸಿದ್ರೆ ಯಾರೇ ಉಣ್ತಾರೆ ಅನ್ನೋರು. ಸ್ಲೇಟಲ್ಲಿ ಬರೆಯುವಾಗ ಮೇಷ್ಟ್ರು ಹೊಡೆಯೋರು. ಆಮೇಲೆ ಅಭ್ಯಾಸ ಆಗೋಯ್ತು. ಅದನ್ನೆಲ್ಲ ಡಾಕ್ಟ್ರ ಹತ್ರ ಹೇಳ್ಕೊಳ್ಳೋದಕ್ಕಾಗುತ್ತಾ?”

ಹೊರಗಿನಿಂದ ಗಂಡ ಎದ್ದು ಬಂದರು. “ಅವರು ಕೇಳಿದ್ದು ಬರೆಯೋ ಕೈ ಯಾವುದು ಅಂತ ಅಂದ್ಕೊಂಡೆ ನಾನು” ಎಂದರು. ಹೆಂಡತಿಯ ಕೈಯನ್ನು ಆವತ್ತೇ ಮೊದಲ ಸಲ ನೋಡಿದವರಂತೆ ನೋಡುತ್ತಿದ್ದರು. ನಾನೇನು ಬೈಯಲಿ? ನಮ್ಮ ಮನೆಯಲ್ಲೂ ಎಡಗೈ ಚಾಚಿದ ಮಕ್ಕಳಿಗೆ ಏಟು ಬಿದ್ದದ್ದನ್ನು ನೋಡಿಯೇ ಬೆಳೆದವಳು. ಊಟದ ಕೈ ಯಾವುದು ಎಂದು ಕೇಳಿದರೆ ನಮ್ಮಲ್ಲಿ ಉತ್ತರ ಒಂದೇ, ಅದನ್ನು ಮಿದುಳು ಹೇಳುವುದಿಲ್ಲ, ಅಜ್ಜಿ ಹೇಳುತ್ತಾಳೆ. ಆ ತಿರುಗಿಸಿದ ಚಿತ್ರವನ್ನು ಕಳಿಸಿಬಿಟ್ಟಿದ್ದರೆ ಏನು ಗತಿ ಎಂದು ಒಂದು ಕಡೆ. ಎಡಗೈಯವರಾದ ಮಾತ್ರಕ್ಕೆ ಮಾತು ಬಲಗಡೆಯೇ ಇರಬೇಕೆಂದಿಲ್ಲವಲ್ಲ ಎಂದು ಇನ್ನೊಂದು ಕಡೆ. ಹೆದರಿಕೆ ಕಮ್ಮಿಯಾಗಲಿಲ್ಲ, ಇಮ್ಮಡಿಯಾಯಿತು.

ಮಾರನೆಯ ದಿನ ಗೈಡ್ ನನ್ನ ಮಾತು ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ತಿರುಗಿಸಿದ್ದನ್ನು ಸರ್ಜನ್‌ಗೆ ಕಳಿಸಿದೆಯಾ?”

“ಇಲ್ಲ ಸರ್.”

ಅವರು ತಕ್ಷಣ ಯಂತ್ರದ ಕೋಣೆಗೆ ಫೋನು ಮಾಡಿದರು. ಮರುದಿನ ಬೆಳಿಗ್ಗೆ, ಮೊದಲ ರೋಗಿ ಬರುವ ಮುಂಚೆ, ಸ್ವಲ್ಪ ಹೊತ್ತು ಸಿಕ್ಕಿತು. ನಾನು ಗೇಟಿನ ಹೊರಗಿನ ಕೆಮಿಸ್ಟ್ ಅಂಗಡಿಗೆ ಹೋದೆ. “ಭಯ್ಯಾ, ವಿಟಮಿನ್ ಇ” ಎಂದರೆ ಆತ ನನ್ನ ಜಡೆ ನೋಡಿ “ಬಾಲ್ ಝಡ್ ರಹೇ ಹೈಂ ಕ್ಯಾ?” ಎಂದು ಮರುಕ ತೋರಿಸಿದ. ಕೂದಲು ಉದುರುತ್ತಲೂ ಇತ್ತು, ಸುಳ್ಳೇಕೆ.

ಹಸಿರು ಮಾತ್ರೆಯನ್ನು ಬೆರಳಲ್ಲಿ ಹಿಡಿದು, ಮಲಗಿದ್ದ ಅವರ ಮುಂದೆ ನಿಂತಾಗ ಇನ್ನೊಂದು ಭಯ ಹಿಡಿಯಿತು. ಬಲಗಡೆ ಯಾವುದು? ನನ್ನ ಬಲವೇ, ಅವರದೇ? ತಲೆಯ ಕಡೆ ನಿಂತಿದ್ದೇನೋ, ಕಾಲ ಕಡೆಯೋ? ಇಷ್ಟು ದಿನದ ಗೋಜಲಿನಲ್ಲಿ ಆ ಸಣ್ಣ ವಿಷಯವೂ ನನ್ನ ಕೈ ತಪ್ಪಿತ್ತು. ಇಲ್ಲಿ ತಪ್ಪಿದರೆ ಮುಂದೆ ಹಿಡಿಯುವವರು ಯಾರೂ ಇಲ್ಲ. ಪುಸ್ತಕ, ಯಂತ್ರ, ಸಾಫ್ಟ್‌ವೇರ್ ಯಾವುದನ್ನೂ ನಂಬುವ ಹಾಗಿರಲಿಲ್ಲ.

“ಆಂಟಿ, ಊಟದ ಕೈ ಎತ್ತಿ” ಎಂದೆ.

ಅವರು ಕೈ ಎತ್ತಿದರು. ಒಂದಿಷ್ಟೂ ಯೋಚಿಸಲಿಲ್ಲ. ಅವರ ಅಜ್ಜಿಯನ್ನು ಮನಸ್ಸಿನಲ್ಲಿ ಎಷ್ಟು ಬೈದುಕೊಂಡಿದ್ದೆನೋ, ಆ ಗಳಿಗೆಯಲ್ಲಿ ಅಷ್ಟೇ ಕೈಮುಗಿದೆ. ಆ ಕೈಯ ಕಡೆಯ ಕಪಾಲದ ಮೇಲೆ ಮಾತ್ರೆಯನ್ನಿಟ್ಟು ಟೇಪು ಹಾಕಿದೆ. ಹೊಳಪು ಅಳಿಸುವ ಗುಂಡಿ ಆಫ್ ಆಗಿದೆಯೇ ಎಂದು ಯಂತ್ರದವರನ್ನು ಮೂರು ನಾಲ್ಕು ಸಲ ಕೇಳಿ ಬೈಸಿಕೊಂಡೆ. ಸ್ಕ್ಯಾನ್ ಮುಗಿದ ಕೂಡಲೇ ಮೂಲ ಚಿತ್ರಗಳನ್ನೂ ಸಿಡಿಗೆ ಹಾಕಿಸಿಕೊಂಡು ಎದೆಗೆ ಅವಚಿಕೊಂಡು ಕೆಳಗೆ ಬಂದೆ.

ಆವತ್ತು ಸಾಫ್ಟ್‌ವೇರ್ ಒಂದೇ ಒಂದು ಸಲವೂ ಕಿರುಚಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಚಿತ್ರ ತೆರೆದುಕೊಂಡಿತು. ತಲೆಯ ಅಂಚಿನಲ್ಲಿ ಮಾತ್ರೆಯ ಮಸುಕು ಬಿಳಿ ಚುಕ್ಕೆ, ಹಳದಿ ಮಚ್ಚೆಯೂ ಅದೇ ಕಡೆ. ಮೊದಲಿನ ಚಿತ್ರವೇ ನಿಜವಾಗಿತ್ತು. ಯಾವುದೂ ತಿರುಗಿರಲಿಲ್ಲ. ಅವರ ಮಾತು ಬಲಗಡೆಯೇ ಇತ್ತು, ಗಡ್ಡೆಯ ಮಗ್ಗುಲಲ್ಲಿ.

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ನಾನು ತಪ್ಪಾಗಿದ್ದರೆ ಅವರಿಗೆ ಎಷ್ಟು ಒಳ್ಳೆಯದಿತ್ತು! ಗಡ್ಡೆ ಒಂದು ಕಡೆ, ಮಾತು ಇನ್ನೊಂದು ಕಡೆ, ಸರ್ಜನ್ ನಿಶ್ಚಿಂತೆಯಿಂದ ಕತ್ತರಿಸುತ್ತಿದ್ದರು. ನಾನು ಸರಿ ಎಂದಾದ ಮೇಲೆ ಆ ಕತ್ತಿ ಎಲ್ಲಿ ಹೋದರೂ ಮಾತಿನ ಪಕ್ಕದಲ್ಲೇ ಹೋಗಬೇಕು.

ಸರ್ಜನ್ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ “ಪಕ್ಕಾ?” ಎಂದರು. “ಪಕ್ಕಾ, ಸರ್” ಎಂದೆ. ಅವರು ಗಂಡ ಹೆಂಡತಿಯನ್ನು ಕೂರಿಸಿಕೊಂಡು ಮುಚ್ಚುಮರೆಯಿಲ್ಲದೆ ಹೇಳಿದರು, ನಾನು ಕನ್ನಡಕ್ಕೆ ತಿರುಗಿಸಿದೆ. ಗಡ್ಡೆಯನ್ನಷ್ಟೇ ತೆಗೆಯುತ್ತೇವೆ, ಸುತ್ತಲಿನದನ್ನು ಮುಟ್ಟುವುದಿಲ್ಲ. ಫಿಟ್ಸ್ ಪೂರ್ತಿ ನಿಲ್ಲದೆಯೂ ಇರಬಹುದು. ಎಷ್ಟು ಜೋಪಾನ ಮಾಡಿದರೂ ಮಾತಿಗೆ ಪೆಟ್ಟಾಗುವ ಅಪಾಯ ಇದ್ದೇ ಇದೆ.

ಅವರು ಸೆರಗಿನ ತುದಿ ಸುತ್ತುತ್ತ ಕೇಳಿಸಿಕೊಂಡರು. ಆಮೇಲೆ ಸರ್ಜನ್‌ರನ್ನಲ್ಲ, ನನ್ನನ್ನು ಕೇಳಿದರು. “ನಿಮ್ಮ ಕಂಪ್ಯೂಟರ್ ನಿಜ ಹೇಳ್ತಿದೆಯಾ?”

“ಈ ಸಲ ಹೇಳ್ತಿದೆ ಆಂಟಿ.”

“ಹಾಗಾದ್ರೆ ಮಾಡ್ಲಿ ಬಿಡಿ” ಎಂದರು.

ಆಪರೇಷನ್ ದಿನ ನಾನು ಲ್ಯಾಬಿನಲ್ಲಿ ಕೂತು ಆ ಚಿತ್ರವನ್ನು ಮತ್ತೆ ಮತ್ತೆ ತೆರೆದು ಚುಕ್ಕೆ ಅಲ್ಲೇ ಇದೆಯೇ ಎಂದು ನೋಡಿದೆ. ಮಾತ್ರೆ ಜಾರಿ ಇನ್ನೊಂದು ಕಡೆಗೆ ಹೋಗಿತ್ತೇ ಎಂಬ ಹುಚ್ಚು ಯೋಚನೆ ಕೂಡ ಬಂತು. ಸಂಜೆ ಆಪರೇಷನ್ ಮುಗಿಯಿತು, ಇನ್ನೂ ಮಂಪರಿನಲ್ಲಿದ್ದಾರೆ ಎಂಬ ಸುದ್ದಿ ಬಂತು. ಅಷ್ಟೇ.

ಬೆಳಿಗ್ಗೆ ವಾರ್ಡಿಗೆ ಹೋದಾಗ ಅವರು ಕಣ್ಣು ಬಿಟ್ಟಿದ್ದರು. ತಲೆಗೆ ಬಿಳಿ ಬ್ಯಾಂಡೇಜ್, ಮುಖ ಊದಿಕೊಂಡಿತ್ತು. ಗಂಡ ಮಂಚದ ಕಂಬಿ ಹಿಡಿದು ನಿಂತಿದ್ದರು. ಜೂನಿಯರ್ ಡಾಕ್ಟರ್ ಜೇಬಿನಿಂದ ಪೆನ್ನು ತೆಗೆದು ಅವರ ಮುಂದೆ ಹಿಡಿದು “ಯೇ ಕ್ಯಾ ಹೈ?” ಎಂದ. ಅವರು ಪೆನ್ನು ನೋಡಿದರು, ಅವನನ್ನು ನೋಡಿದರು, ಏನೂ ಹೇಳಲಿಲ್ಲ. ಗಡಿಯಾರ ತೋರಿಸಿದ. ಅದಕ್ಕೂ ಇಲ್ಲ. ಅವನು ಗಂಡನ ಕಡೆ ನೋಡದೆ ಚಾರ್ಟಿನಲ್ಲಿ ಏನೋ ಗೀಚಿ ಮುಂದಿನ ಮಂಚಕ್ಕೆ ಹೋದ.

ಗಂಡ ನನ್ನ ಕಡೆ ತಿರುಗಿದರು.

ನಾನು ಚಿತ್ರದ ಕಾರ್ಡುಗಳನ್ನು ತಂದಿದ್ದೆ: ಪೊರಕೆ, ಕೊಡ, ಬಾಳೆಹಣ್ಣು. ಮೇಲಿನದನ್ನು ಅವರ ಮುಖದ ಮುಂದೆ ಹಿಡಿದೆ. ಅವರ ಕಣ್ಣು ಕಾರ್ಡಿನ ಮೇಲೆ ನಿಂತಿತು, ಅಲ್ಲಿಂದ ಕಾರ್ಡು ಹಿಡಿದ ನನ್ನ ಬೆರಳುಗಳಿಗೆ ಬಂತು. ತುಟಿ ಅಲುಗಿತು. ಫಿಟ್ಸ್‌ನಲ್ಲೂ ಹೀಗೇ ಅಲುಗುತ್ತಿತ್ತಲ್ಲ ಎಂದುಕೊಂಡೆ.

“ಯಾಕೆ ಕೈ ಹೀಗೆ ನಡುಗ್ತಿದೆ? ಬೆಳಿಗ್ಗೆ ತಿಂಡಿ ತಿಂದಿಲ್ವಾ?”

ಒಡೆದ ದನಿ, ನಿಧಾನ. ಆದರೆ ಇಡೀ ವಾಕ್ಯ, ಒಂದು ಪದವೂ ಕಳೆದಿರಲಿಲ್ಲ.

“ತಿಂದಿಲ್ಲ ಆಂಟಿ.”

“ಮತ್ತೆ ಇಲ್ಲೇನು ಮಾಡ್ತಿದೀಯಾ? ಹೋಗು, ಮೊದ್ಲು ಏನಾದ್ರೂ ತಿನ್ನು. ಆ ಹುಡುಗ ಬೇರೆ ಪೆನ್ನು ತೋರಿಸಿ ಏನಿದು ಅಂತಾನೆ. ನಾನೇನು ಮಗೂನಾ?”

ಗಂಡ ಕಂಬಿ ಬಿಟ್ಟು, ಹಿಂದೆ ಸ್ಟೂಲು ಇದೆಯೋ ಇಲ್ಲವೋ ನೋಡದೆ ಕೂತರು. ಇತ್ತು, ಪುಣ್ಯಕ್ಕೆ. ನಾನು ಅವರು ಹೇಳಿದ ಹಾಗೆ ಕ್ಯಾಂಟೀನಿಗೆ ಇಳಿದು ಹೋಗಿ ಬ್ರೆಡ್ ಪಕೋಡ ತೆಗೆದುಕೊಂಡೆ. ನಿಂತುಕೊಂಡೇ, ಎಲ್ಲರೂ ನೋಡುತ್ತಿರುವಾಗಲೇ, ಅಳುತ್ತ ತಿಂದೆ.